ಊರಿಗೆ ಬಂದವರು ನೀರಿಗೆ ಬರಬೇಕು



ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಎರಡು ಸಂಜೆ ಮಾತನಾಡಿದ ಒಬ್ಬರ ಅನುಭವವನ್ನು ಈ ತಿಂಗಳು ನಿಮ್ಮ ಮುಂದಿರಿಸಬೇಕೆಂದು ನಮಗೆ ತೋರಿತು. ಅವರು ನಮ್ಮ ನೆರೆಮನೆಯವರು. ವಯಸ್ಸಿನಲ್ಲಿ ನಮಗಿಂತ ಹದಿನೈದು ವರ್ಷ ಹಿರಿಯರು. ನಾವು ಚಿಕ್ಕಂದಿನಿಂದಲೂ ಅವರನ್ನು ‘ಅಕ್ಕ’ ಎಂದೇ ಕರೆಯುತ್ತ ಬಂದವರು. ದಾದಿಯ ತರಬೇತಿ ಪಡೆದು ಮೊದಲು ಗಲ್ಫಿಗೂ ಅನಂತರ ಇಂಗ್ಲೆಂಡಿಗೂ ಹೋಗಿ, ಅಲ್ಲಿಯೇ ದುಡಿದು, ಅಲ್ಲಿಯ ಪೌರತ್ವವನ್ನೂ ಪಡೆದವರು. ಪತಿ ತೀರಿಕೊಂಡರು; ಮಗ ಕೆನಡಾ ದೇಶದಲ್ಲಿ ನೆಲೆಸಿದ. 2018ರಲ್ಲಿ ನಿವೃತ್ತರಾದಾಗ ಅಕ್ಕ ಊರಿಗೆ ಮರಳುವರೆಂದೇ ನಾವೆಲ್ಲ ಎಣಿಸಿದ್ದೆವು. ಅವರು ಹೋದದ್ದು ಸ್ಪೇನ್ ದೇಶದ ವಾಲೆನ್ಸಿಯ ನಗರಕ್ಕೆ, ಅದೂ ಒಬ್ಬರೇ.

ಕಾರಣಗಳಿರಲಿಲ್ಲವೆಂದಲ್ಲ. ಊರಿನ ಮೂಲಮನೆ ಪಾಲಾಗಿ ಹೋಗಿತ್ತು. ಮಗನ ಊರಿನ ಹಿಮ ಅವರ ಕೀಲುನೋವಿಗೆ ಒಗ್ಗದು. ಇಂಗ್ಲೆಂಡಿನ ಬಾಡಿಗೆ ಪಿಂಚಣಿಗೆ ನಿಲುಕದು. ವಾಲೆನ್ಸಿಯವೋ ಸ್ಪೇನಿನ ಮೂಡಣ ತೀರದ ನಗರ. ಎಂಟು ಲಕ್ಷದಷ್ಟು ಜನರಿದ್ದು, ಆ ದೇಶದ ದೊಡ್ಡ ನಗರಗಳಲ್ಲಿ ಮೂರನೆಯದು. ಮೆಡಿಟರೇನಿಯನ್ ಸಮುದ್ರದ ದಯೆಯಿಂದ ಚಳಿ ಕಡಿಮೆ, ಬಿಸಿಲು ಹೆಚ್ಚು. ಸುತ್ತಲೂ ಕಿತ್ತಳೆಯ ತೋಟಗಳು, ದಕ್ಷಿಣಕ್ಕೆ ಭತ್ತದ ಗದ್ದೆಗಳು. ಅನ್ನ ಉಣ್ಣುವ ಊರೆಂಬ ಧೈರ್ಯವೂ ಒಂದಿಷ್ಟು ಇತ್ತಂತೆ.

“ಅಲ್ಲಿ ನಿಮ್ಮವರು ಅಂತ ಯಾರಿದ್ದಾರೆ ಅಕ್ಕಾ?” ಎಂದು ನಾವು ಕೇಳಿದೆವು.

“ಮೊದಲ ವರ್ಷ ಯಾರೂ ಇರಲಿಲ್ಲ ತಮ್ಮಾ. ಈಗ ಇದ್ದಾರೆ” ಎಂದರು.

ಈ ಎರಡು ವಾಕ್ಯಗಳ ನಡುವೆ ಏನು ನಡೆಯಿತೆಂಬುದನ್ನು ತಿಳಿಯುವ ಆಸೆ ನಮಗೆ ಬರಿಯ ಕುತೂಹಲದಿಂದ ಹುಟ್ಟಿದುದಲ್ಲ. ಬರುವ ವರ್ಷ ನಾವೂ ನಿವೃತ್ತರಾಗುವವರು.

ಮೊದಲ ವರ್ಷ ಅಕ್ಕ ಮಾಡಿದ ತಪ್ಪು, ಒಳ್ಳೆಯ ಹವೆಯನ್ನೇ ಒಳ್ಳೆಯ ಬಾಳೆಂದು ಬಗೆದದ್ದು. ಬೆಳಗ್ಗೆ ನಡಿಗೆ, ಮಧ್ಯಾಹ್ನ ಅಡುಗೆ, ಸಂಜೆ ಫೋನಿನಲ್ಲಿ ಮಗನೊಡನೆ ಮಾತು. ಗೆಳೆತನವೆಲ್ಲ ಇಂಗ್ಲೆಂಡಿನಿಂದ ಬಂದ ನಿವೃತ್ತರೊಡನೆ. ಆ ಕರಾವಳಿಯಲ್ಲಿ ಅಂಥವರು ಬಹಳ. ಪಕ್ಕದ ಆಲಿಕಾಂತೆ ಪ್ರಾಂತದ ಸಾನ್ ಫುಲ್ಹೆನ್ಸಿಯೊದಂಥ ಊರುಗಳಲ್ಲಿ ಸ್ಥಳೀಯರಿಗಿಂತ ಪರದೇಶದವರೇ ಹೆಚ್ಚು. ಇಂಗ್ಲಿಷಿನಲ್ಲಿಯೇ ವ್ಯವಹರಿಸಿ ಇಪ್ಪತ್ತು ವರ್ಷ ಕಳೆದವರೂ ಅಲ್ಲಿದ್ದಾರಂತೆ. ಆದರೆ ಆ ಗೆಳೆತನಕ್ಕೆ ಬೇರಿಲ್ಲ. ಒಬ್ಬರ ಮೊಮ್ಮಗು ಹುಟ್ಟಿತು, ಅವರು ಮರಳಿದರು. ಇನ್ನೊಬ್ಬರ ಗಂಡ ತೀರಿಕೊಂಡರು, ಅವರೂ ಮರಳಿದರು. ಆಗಸ್ಟ್ ತಿಂಗಳಲ್ಲಿ ಊರಿಗೆ ಊರೇ ರಜೆಯ ಮೇಲೆ ಹಳ್ಳಿಗಳಿಗೂ ಕಡಲ ತೀರಕ್ಕೂ ಹೋಗುವುದು ಅಲ್ಲಿಯ ರೂಢಿ. ಬೀದಿಯ ಅಂಗಡಿಗಳು ತಿಂಗಳಿಡೀ ಮುಚ್ಚಿರುವುದುಂಟು. ಅಂಥ ಒಂದು ಆಗಸ್ಟಿನಲ್ಲಿ ಅಕ್ಕನಿಗೆ ಜ್ವರ ಬಂತು. ನಾಲ್ಕನೆಯ ಮಹಡಿಯ ಮನೆಯಲ್ಲಿ ಮೂರು ದಿನ ಮಲಗಿದ್ದರು. ಮಗನಿಗೆ ತಿಳಿಸಿ ಗಾಬರಿಪಡಿಸಬಾರದೆಂದು ಫೋನಿನಲ್ಲಿ ನಗುತ್ತಲೇ ಮಾತನಾಡಿದರು. ನಾಲ್ಕನೆಯ ದಿನ ಎದ್ದು ಕೆಳಗಿಳಿದು ಬಂದಾಗ, “ಎಲ್ಲಿಗೆ ಹೋಗಿದ್ದಿರಿ?” ಎಂದು ಕೇಳುವ ಒಂದು ಪ್ರಾಣಿಯೂ ಇರಲಿಲ್ಲವಂತೆ.

“ಜ್ವರಕ್ಕಿಂತ ಅದು ಹೆಚ್ಚು ಸುಟ್ಟಿತು ತಮ್ಮಾ” ಎಂದರು.

ಅಂದು ಅವರಿಗೆ ನೆನಪಾದದ್ದು ನಮ್ಮ ಕಡೆಯ ಹಳೆಯ ಗಾದೆ: ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಹೊಸ ಸೊಸೆ ಎಷ್ಟೇ ಸಂಕೋಚದವಳಾಗಲಿ, ಬಾವಿಕಟ್ಟೆಗೆ ಬಂದ ಮೇಲೆ ಊರಿನವಳಾಗುತ್ತಾಳೆ. ‘ನಾನು ಊರಿಗೆ ಬಂದೆ, ನೀರಿಗೆ ಬರಲಿಲ್ಲ’ ಎಂದುಕೊಂಡ ಅಕ್ಕ ಆ ಊರಿನ ಬಾವಿಕಟ್ಟೆ ಯಾವುದೆಂದು ಹುಡುಕತೊಡಗಿದರು.

ಮೊದಲನೆಯದು ಮಾರುಕಟ್ಟೆ. 1928ರಲ್ಲಿ ತೆರೆದ ವಾಲೆನ್ಸಿಯದ ಕೇಂದ್ರ ಮಾರುಕಟ್ಟೆ ಪ್ರಸಿದ್ಧವಾದುದು. ಅದಲ್ಲದೆ ಅನೇಕ ಪೇಟೆಗಳಲ್ಲಿ ಚಿಕ್ಕ ಮಾರುಕಟ್ಟೆಗಳಿವೆ. ಅಲ್ಲಿಯ ಒಂದು ಪದ್ಧತಿ ನಮಗೆ ಬಹಳ ಹಿಡಿಸಿತು. ಜನ ಸಾಲಾಗಿ ನಿಲ್ಲುವುದಿಲ್ಲ. ಬಂದವರು, “ಕ್ಯೆನ್ ಎಸ್ ಎಲ್ ಊಲ್ತಿಮೊ?”, ಎಂದರೆ “ಕೊನೆಯವರು ಯಾರು?” ಎಂದು ಕೇಳಬೇಕು. ಯಾರೋ ಒಬ್ಬರು “ನಾನು” ಎನ್ನುತ್ತಾರೆ. ಅವರ ಸರದಿಯ ಅನಂತರ ನಮ್ಮದು. ಬಾಯಿ ತೆರೆಯದವನಿಗೆ ಸರದಿಯೇ ಇಲ್ಲ! ಅಕ್ಕ ಮೊದಲು ಬಾಯಿಪಾಠ ಮಾಡಿದ್ದು ಈ ವಾಕ್ಯವನ್ನಂತೆ. ದೊಡ್ಡ ಅಂಗಡಿಯ ಮೌನದ ಖರೀದಿಯನ್ನು ಬಿಟ್ಟು, ಪ್ರತಿದಿನ ಅದೇ ಹೊತ್ತಿಗೆ, ಅದೇ ತರಕಾರಿಯವಳ ಬಳಿಗೆ ಹೋಗತೊಡಗಿದರು. ಎರಡು ದಿನಕ್ಕಾಗುವ ಬೆಂಡೆಯನ್ನೋ ಬದನೆಯನ್ನೋ ಬೇಕೆಂದೇ ಒಂದು ದಿನಕ್ಕಷ್ಟೇ ಕೊಂಡರು.

ಎರಡನೆಯದು ಅಲ್ಲಿಯ ‘ಬಾರ್’. ಹೆಸರು ಕೇಳಿ ನಮ್ಮ ಹಿರಿಯರು ಹುಬ್ಬೇರಿಸಬೇಕಾಗಿಲ್ಲ. ಸ್ಪೇನಿನಲ್ಲಿ ಅದು ನಮ್ಮ ಕಡೆಯ ಚಹಾದಂಗಡಿಯಂತೆ. ಒಂದು ಕಾಫಿ ಕುಡಿದು ಒಂದು ಗಂಟೆ ಕುಳಿತರೂ ಎಬ್ಬಿಸುವವರಿಲ್ಲ. ವಾಲೆನ್ಸಿಯದಲ್ಲಿ ಬೆಳಗ್ಗೆ ಹತ್ತು ಹನ್ನೊಂದು ಗಂಟೆಯ ಹೊತ್ತಿನ ತಿಂಡಿಗೆ ವಿಶೇಷ ಸ್ಥಾನ: ರೊಟ್ಟಿ, ಆಲಿವ್ ಕಾಯಿ, ನೆಲಗಡಲೆ, ಕೊನೆಗೆ ಕಾಫಿ. ಮಧ್ಯಾಹ್ನದೂಟ ಎರಡು ಗಂಟೆಯ ಮೇಲೆ, ರಾತ್ರಿಯೂಟ ಒಂಬತ್ತರ ಮೇಲೆ. ಊಟ ಮುಗಿದರೂ ಏಳದೆ ಮೇಜಿನ ಸುತ್ತ ಮಾತನಾಡುತ್ತ ಕುಳಿತುಕೊಳ್ಳುವುದಕ್ಕೆ ‘ಸೊಬ್ರೆಮೆಸಾ’ ಎಂಬ ಹೆಸರೇ ಇದೆ. ಸಂಜೆ ಏಳಕ್ಕೆ ಉಂಡು ಬಾಗಿಲು ಹಾಕುವ ಇಂಗ್ಲೆಂಡಿನ ಅಭ್ಯಾಸವನ್ನು ಅಕ್ಕ ಬಿಡಲೇಬೇಕಾಯಿತು. ಅಲ್ಲಿಯವರು ಪರಿಚಯದವರನ್ನು ಸುಲಭವಾಗಿ ಮನೆಗೆ ಕರೆಯುವುದಿಲ್ಲ; ಹೊರಗಡೆಯೇ ಭೇಟಿ. ಅದು ಅನಾದರವಲ್ಲ, ಅವರ ಕ್ರಮ. ಇದನ್ನು ತಿಳಿಯದೆ ಮನನೊಂದುಕೊಂಡ ಪರದೇಶದವರು ಎಷ್ಟೋ ಮಂದಿ.

ಮೂರನೆಯದು ಶಾಲೆ. ವೃತ್ತಿಯಿಂದ ನಮಗೆ ಪ್ರಿಯವಾದ ಭಾಗವಿದು. ಪ್ರಾಯ ಸಂದವರಿಗೆಂದೇ ಸರಕಾರ ನಡೆಸುವ ಶಾಲೆಗಳಲ್ಲಿ ಪರದೇಶದವರಿಗೆ ಸ್ಪ್ಯಾನಿಷ್ ಕಲಿಸುತ್ತಾರೆ. ಅರುವತ್ತಾರರ ಅಕ್ಕ, ಮೊರಾಕೊದ ಒಬ್ಬ ತಾಯಿ ಮತ್ತು ಉಕ್ರೇನಿನ ಒಬ್ಬ ಹುಡುಗನ ನಡುವೆ ಕುಳಿತು ಕ್ರಿಯಾಪದ ಬರೆದರು. ಮನೆಯ ಹತ್ತಿರದ ಒಬ್ಬ ವಿಧವೆಯೊಡನೆ ವಾರಕ್ಕೆರಡು ಸಲ ಮಾತಿನ ವಿನಿಮಯ: ಅರ್ಧ ಗಂಟೆ ಇವರು ಇಂಗ್ಲಿಷ್ ಹೇಳಿಕೊಡುವುದು, ಅರ್ಧ ಗಂಟೆ ಅವರು ಸ್ಪ್ಯಾನಿಷ್ ಹೇಳಿಕೊಡುವುದು. ನಗರಸಭೆ ನಡೆಸುವ ಹಿರಿಯರ ಚಟುವಟಿಕೆ ಕೇಂದ್ರಗಳೂ ಅಲ್ಲಿವೆ. 1499ರಲ್ಲಿ ಸ್ಥಾಪಿತವಾದ ಅಲ್ಲಿಯ ವಿಶ್ವವಿದ್ಯಾನಿಲಯ ‘ಲಾ ನಾವ್ ಗ್ರಾನ್’ ಎಂಬ ಹೆಸರಿನಲ್ಲಿ ಹಿರಿಯರಿಗಾಗಿಯೇ ಪಾಠಕ್ರಮ ನಡೆಸುತ್ತದೆ.

ವಾಲೆನ್ಸಿಯದಲ್ಲಿ ಭಾಷೆಯೂ ಒಂದಲ್ಲ. ಸ್ಪ್ಯಾನಿಷಿನ ಜತೆಗೆ ವಾಲೆನ್ಸಿಯನ್ ಎಂಬ ನಾಡಭಾಷೆಗೂ 1982ರಿಂದ ಅಧಿಕೃತ ಸ್ಥಾನವಿದೆ. ಒಂದು ದಿನ ಅಕ್ಕ “ಬ್ವೇನೊಸ್ ದಿಯಾಸ್” ಎನ್ನುವ ಬದಲು, ತರಕಾರಿಯವಳ ಮನೆಮಾತಿನಲ್ಲಿ “ಬೋನ್ ದಿಯಾ” ಎಂದರು. ಆಕೆಯ ಮುಖ ಅರಳಿತಂತೆ. ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ನಮ್ಮೊಡನೆ ಕನ್ನಡದಲ್ಲಿ ಎರಡು ಮಾತನಾಡಿದಾಗ ನಮಗಾಗುವ ಸಂತೋಷವನ್ನು ಬಲ್ಲ ಗಡಿನಾಡಿನ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡಿ ಬೆಳೆದವರಿಗೆ, ತಪ್ಪು ಮಾತನಾಡಿ ನಗೆಗೀಡಾಗುವ ಭಯ ಕಡಿಮೆಯೆಂಬುದು ಅಕ್ಕನ ಅಭಿಪ್ರಾಯ.

ಬಾವಿಕಟ್ಟೆಗೆ ಹೋದುದರ ಫಲ 2020ರಲ್ಲಿ ಕಂಡಿತು. ಆ ಮಾರ್ಚ್ 14ರಂದು ಸ್ಪೇನಿನಲ್ಲಿ ಕೋವಿಡ್ ನಿಮಿತ್ತ ತುರ್ತು ಸ್ಥಿತಿ ಘೋಷಿತವಾಗಿ ಜನರೆಲ್ಲ ಮನೆಯೊಳಗೆ ಬಂಧಿಗಳಾದರು. ಮೂರನೆಯ ದಿನವೇ ಅಕ್ಕನ ಬಾಗಿಲ ಹೊರಗೆ ತರಕಾರಿಯ ಚೀಲವಿತ್ತು. ರಾತ್ರಿ ಎಂಟಕ್ಕೆ ಊರೆಲ್ಲ ಬಾಲ್ಕನಿಗಳಲ್ಲಿ ನಿಂತು ವೈದ್ಯರಿಗೂ ದಾದಿಯರಿಗೂ ಚಪ್ಪಾಳೆ ತಟ್ಟುತ್ತಿದ್ದರು. ಎದುರುಮನೆಯವರು ಒಂದು ದಿನ ತಮ್ಮತ್ತ ತಿರುಗಿ ಚಪ್ಪಾಳೆ ತಟ್ಟಿದರೆಂದು ಹೇಳುವಾಗ ಅಕ್ಕನ ದನಿ ತುಸು ನಡುಗಿತು.

ಇನ್ನೊಂದು ಪರೀಕ್ಷೆ 2024ರ ಅಕ್ಟೋಬರ್ 29ರಂದು. 1957ರ ಅಕ್ಟೋಬರಿನ ಮಹಾಪೂರದ ಬಳಿಕ ವಾಲೆನ್ಸಿಯದವರು ತಮ್ಮ ತೂರಿಯಾ ನದಿಯನ್ನೇ ನಗರದ ದಕ್ಷಿಣಕ್ಕೆ ತಿರುಗಿಸಿದ್ದರು. ಬತ್ತಿದ ಹಳೆಯ ಪಾತ್ರ ಇಂದು ಒಂಬತ್ತು ಕಿಲೋಮೀಟರಿನಷ್ಟು ಉದ್ದದ ಉದ್ಯಾನ. ಅಕ್ಕ ದಿನವೂ ನಡೆಯುವುದು ಅಲ್ಲಿಯೇ. ಆ ಹೊಸ ಪಾತ್ರ ಈ ಸಲ ನಗರದ ನಡುಭಾಗವನ್ನು ಕಾಪಾಡಿತು. ಆದರೆ ಅದರಾಚೆಯ ಊರುಗಳು ಮುಳುಗಿ, ಆ ಪ್ರಾಂತದಲ್ಲಿ 220ಕ್ಕಿಂತ ಹೆಚ್ಚು ಜನ ಮಡಿದರು. ಮರುದಿನಗಳಲ್ಲಿ ಸಾವಿರಾರು ಮಂದಿ ಪೊರಕೆ, ಸಲಿಕೆ, ಬಕೆಟುಗಳನ್ನು ಹಿಡಿದು ಕಾಲುಸೇತುವೆ ದಾಟಿ ಕೆಸರು ಬಾಚಲು ನಡೆದರು. ಮಾರ್ಚ್ 19ರ ರಾತ್ರಿ ದೊಡ್ಡ ದೊಡ್ಡ ಪ್ರತಿಮೆಗಳನ್ನು ಸುಡುವ ‘ಫಾಯಸ್’ ಎಂಬ ಹಬ್ಬಕ್ಕೆ ಅಲ್ಲಿ ಪೇಟೆಪೇಟೆಗೂ ಸಂಘವಿದೆ, ಸಂಘದ ಮನೆಯಿದೆ. ಅಂಥ ಮನೆಗಳಲ್ಲಿ ನೀರು, ಬಟ್ಟೆ, ಆಹಾರ ಸಂಗ್ರಹವಾಯಿತು. ಎಪ್ಪತ್ತು ದಾಟಿದ ಅಕ್ಕ ಸಲಿಕೆ ಹಿಡಿಯಲಾರರು. ಬಟ್ಟೆ ವಿಂಗಡಿಸುತ್ತ, ಗಾಯವಾದವರ ಕಾಲಿಗೆ ಪಟ್ಟಿ ಕಟ್ಟುತ್ತ ಹತ್ತು ದಿನ ಕಳೆದರು.

“ಯಾವ ದೇಶದವಳು ಅಂತ ಅಂದು ಯಾರೂ ಕೇಳಲಿಲ್ಲ. ಕತ್ತರಿ ಎಲ್ಲಿಟ್ಟಿದ್ದಿ ಅಂತ ಕೇಳಿದರು” ಎಂದು ನಕ್ಕರು.

ಎಲ್ಲವೂ ಸುಖವೆಂದು ನಾವು ಬರೆದರೆ ಅಸತ್ಯವಾದೀತು. ಭಾನುವಾರದ ಊಟವೂ ಕ್ರಿಸ್ಮಸ್ಸಿನ ಹಿಂದಿನ ರಾತ್ರಿಯೂ ಅಲ್ಲಿ ಕುಟುಂಬದವರದು. ಅಂದು ಒಂಟಿಯವರು ಒಂಟಿಯೇ. ಪರದೇಶದವರ ಬರವಿನಿಂದ ಬಾಡಿಗೆ ಏರಿತೆಂಬ ಅಸಮಾಧಾನ ಸ್ಥಳೀಯರಲ್ಲಿದೆ. ಅದು ನಿರಾಧಾರವೂ ಅಲ್ಲ. ಹೊರಗಿನವರು ಹೋಗಿ ನೆಲೆಸುವುದೂ ಸುಲಭವಲ್ಲ. ದುಡಿಮೆಯಿಲ್ಲದೆ ವಾಸಿಸುವವರ ವೀಸಾಕ್ಕೆ 2023ರ ಲೆಕ್ಕದಂತೆ ತಿಂಗಳಿಗೆ 2,400 ಯುರೋ ಆದಾಯ ತೋರಿಸಬೇಕು, ಆರೋಗ್ಯವಿಮೆಯೂ ಬೇಕು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡುವುದಕ್ಕೆ ಮೊದಲೇ ಹೋಗಿದ್ದುದರಿಂದ ಅಕ್ಕನಿಗೆ ಈ ತೊಡಕಿರಲಿಲ್ಲ. ಯಾರೇ ಹೋಗಲಿ, ಮೊದಲು ನಗರಸಭೆಯ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕೆಂದೂ, ಊರಿನ ಸೌಕರ್ಯಗಳ ಬಾಗಿಲು ತೆರೆಯುವುದು ಅದರಿಂದಲೇ ಎಂದೂ ಅಕ್ಕ ಹೇಳಿದರು.

ಹೊರಡುವ ಮೊದಲು ಅವರು ಒಂದು ಮಾತು ಹೇಳಿದರು: “ಹೋದ ಚಳಿಗಾಲ ಎರಡು ದಿನ ಮಾರುಕಟ್ಟೆಗೆ ಹೋಗಲಿಲ್ಲ ತಮ್ಮಾ. ತರಕಾರಿಯವಳು ಅಂಗಡಿ ಮುಚ್ಚಿ ನಾಲ್ಕು ಮಹಡಿ ಹತ್ತಿ ಬಂದು ಬಾಗಿಲು ಬಡಿದಳು. ಇಷ್ಟೇ ನಾನು ಏಳು ವರ್ಷದಲ್ಲಿ ಸಂಪಾದಿಸಿದ್ದು. ಸಾಕು.”

ಆ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ. ಮೂವತ್ತು ವರ್ಷಗಳಿಂದ ನಾವು ಇದೇ ಊರಿನಲ್ಲಿದ್ದೇವೆ. ದಾರಿಯಲ್ಲಿ ನಡೆದರೆ “ನಮಸ್ಕಾರ ಮಾಷ್ಟ್ರೇ” ಎನ್ನುವವರು ನೂರಾರು. ಮೊದಲು ನಮಸ್ಕರಿಸುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಚಹಾದಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ, ಬೆಂಚು ತೆರವಾಗುತ್ತದೆ. ಗೌರವ ನಮಗೆ ಬೇಕಾದಷ್ಟಿದೆ. ಎರಡು ದಿನ ಕಾಣದಿದ್ದರೆ ಬಂದು ಬಾಗಿಲು ಬಡಿಯುವವರನ್ನು ಎಣಿಸಲು ಹೊರಟರೆ ಒಂದು ಕೈಯ ಬೆರಳುಗಳೂ ಹೆಚ್ಚಾದವು. ಒಂಟಿತನಕ್ಕೆ ವಾಲೆನ್ಸಿಯದ ತನಕ ಹೋಗಬೇಕಾಗಿಲ್ಲ. ಹುಟ್ಟಿದ ಊರಿನಲ್ಲಿದ್ದುಕೊಂಡೇ ನೀರಿಗೆ ಬಾರದವರು ಎಷ್ಟೋ ಮಂದಿ. ಹೆಂಡತಿಯೋ ಗಂಡನೋ ತೀರಿಕೊಂಡು, ಮಕ್ಕಳು ಬೆಂಗಳೂರಿಗೋ ದುಬಾಯಿಗೋ ಹೋಗಿ, ದೊಡ್ಡ ಮನೆಯ ಒಂದು ಕೋಣೆಯಲ್ಲಿ ದೀಪ ಹಚ್ಚಿ ಕುಳಿತ ಹಿರಿಯರು ನಿಮ್ಮ ಬೀದಿಯಲ್ಲಿಯೂ ಇದ್ದಾರು.

ಈ ತಿಂಗಳ ಮೊದಲಿನಿಂದ ನಾವು ಪ್ರತಿ ಸಂಜೆ ಐದಕ್ಕೆ ಊರ ವಾಚನಾಲಯಕ್ಕೆ ಹೋಗುತ್ತಿದ್ದೇವೆ. ಕಚೇರಿಯ ಮಲಯಾಳ ನಮಗೆ ಬರುತ್ತದೆ. ಕಥೆ ಓದುವಷ್ಟು ಬಾರದು. ನಮ್ಮದೇ ಶಾಲೆಯಲ್ಲಿ ಕಲಿತ ಒಬ್ಬ ಹುಡುಗನ ಮುಂದೆ ಗಟ್ಟಿಯಾಗಿ ಓದುತ್ತೇವೆ. ಅವನು ನಮ್ಮ ತಪ್ಪನ್ನು ತಿದ್ದುತ್ತಾನೆ. ಮೊದಲ ದಿನ ಅವನು ಎದ್ದು ನಿಂತಿದ್ದ. ನಿನ್ನೆ ಕುಳಿತೇ, “ಅಲ್ಲ ಮಾಷ್ಟ್ರೇ, ಇನ್ನೊಮ್ಮೆ ಓದಿ” ಎಂದ. ನಾವು ಇನ್ನೊಮ್ಮೆ ಓದಿದೆವು.