ಕೇಳದೆ ಹೇಳುವ ಬುದ್ಧಿ

2009ರಲ್ಲಿ ಹೊರಬಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಎಂಬ ಗಣಕಯಂತ್ರದ ಆಟದಲ್ಲಿ ವಿನ್ ಎಂಬ ವೃದ್ಧ ಉಪಾಧ್ಯಾಯಿನಿಯೊಬ್ಬಳು ಕಥಾನಾಯಕನಿಗೆ ಸಂಗಡಿಗಳಾಗಿರುವಳು. ಗಾಯ ಮಾಯಿಸುವುದರಲ್ಲಿ ಆಕೆಯ ಕೈ ಬಹು ಮೃದು. ಆದರೆ ಕರ್ತವ್ಯವನ್ನೂ ಪ್ರೇಮವನ್ನೂ ಕುರಿತು ಯಾರೂ ಬೇಡದಿರುವಾಗಲೇ ಬೋಧಿಸುವಳು. ಆಕೆಯ ಪ್ರಥಮ ಶಿಷ್ಯನಾದ ಅನೈರಿನನು ಆಕೆಯ ಬಿಗಿಯನ್ನು ತಾಳಲಾರದೆ ಮಂತ್ರವಿದ್ಯೆಯ ಗುರುಕುಲವನ್ನು ಬಿಟ್ಟೋಡಿದನು. ಕಾವಲು ಭಟರು ಅವನನ್ನು ಬೇಟೆಯಾಡಿದರು. ಈ ಪಶ್ಚಾತ್ತಾಪವನ್ನು ಎದೆಯಲ್ಲಿ ಹೊತ್ತಿದ್ದರೂ ಆಕೆ ಮೊದಲು ಕೇಳಿ ಬಳಿಕ ಹೇಳುವುದನ್ನು ಕಲಿಯಲಿಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಹಿತೋಪದೇಶವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕಿವಿಗೊಡದೆ ಗದರಿಸಲ್ಪಟ್ಟ ನಮ್ಮ ಹುಡುಗಿಯರು ಅನೈರಿನನಂತೆ ಓಡಿಹೋಗುವುದಿಲ್ಲ. ಮನೆಯಲ್ಲಿಯೇ, ಶಾಲೆಯಲ್ಲಿಯೇ ಇದ್ದುಕೊಂಡು ಮೌನವಾಗುವರು. ಆ ಮೌನವನ್ನು ವಿಧೇಯತೆಯೆಂದು ತಿಳಿಯದಿರುವುದು ಉಪಾಧ್ಯಾಯಿನಿಯರಿಗೂ ತಾಯಿತಂದೆಗಳಿಗೂ ಸಮಾನವಾದ ಹೊಣೆಯಾಗಿದೆ.