ಪಂಪು ಹೊರೋಕಿಂತ ಮೊದಲ ಹತ್ತಿ ಎಲಿ ತಿರುವಿ ನೋಡ್ರಿ

ಇವತ್ತು ಸ್ವಲ್ಪ ಸಿಟ್ಟಿನಿಂದ ಬರೀತೀನಿ, ತಪ್ಪು ತಿಳೀಬ್ಯಾಡ್ರಿ.

ಹತ್ತಿ ಎಲಿ ಅಂಚು ಹಳದಿಯಾಗಿ, ಕೆಳಗ ಮುದುಡಿ, ಕೆಂಪಾಗಿ ಸುಟ್ಟಂಗ ಆದ್ರ ಜಿಗಿಹುಳ ಬಂದೈತಿ ಅಂತ ಅರ್ಥ. ನಾವು ಅಂಗಡಿಗೆ ಓಡ್ತೀವಿ. ಒಂದು ಔಷಧಕ್ಕ ಬಗ್ಗಲಿಲ್ಲ ಅಂದ್ರ ಇನ್ನೊಂದು. ಹೋದ ವರ್ಷ ಎರಡು ಎಕರೆಗೆ ನಾನು ಏಳು ಸಲ ಹೊಡೆದೆ. ಮನಿಯಾಕಿ ಬೋರಮಾಳ ಅಡವು ಇಟ್ಟು ತಂದ ರೊಕ್ಕ ಪಂಪಿನ್ಯಾಗ ಹೋತು.

ಬದುವಿನ ಆಚೆ ನಮ್ಮಣ್ಣನ ಹೊಲ. ಅದ ಎರಿ ಮಣ್ಣು, ಅದ ಮಳಿ, ಬಿತ್ತಿದ್ದೂ ಅದ ವಾರ. ಅಂವ ಹೊಡೆದದ್ದು ಮೂರ ಸಲ. ಬ್ಯಾರೆ ಇದ್ದದ್ದು ಬೀಜ ಅಷ್ಟ.

ಎರಡೂ ಹೊಲದ ಎಲಿ ಹರಿದು ತಿರುವಿ ನೋಡಿದೆ. ನನ್ನದು ನುಣುಪು. ಅಣ್ಣಂದು ಹಿಂದ ನರದ ಮ್ಯಾಲೆಲ್ಲ ದಟ್ಟ ಕೂದಲು. ಜಿಗಿಹುಳ ತತ್ತಿ ಇಡೋದ ಎಲಿ ನರದೊಳಗ. ಕೂದಲು ಉದ್ದ, ದಟ್ಟ ಇದ್ರ ತತ್ತಿ ಇಡಾಕ, ರಸ ಹೀರಾಕ ಅದಕ್ಕ ತ್ರಾಸ. ಈ ಕೂದಲು ತಳಿಯ ಗುಣ. ಅಂಗಡಿ ಡಬ್ಬಿಯೊಳಗ ಸಿಗೂದಿಲ್ಲ.

“ಬಿಟಿ ಐತಲ್ಲ” ಅಂತೀರಿ. 2002ರಾಗ ಬಂದ ಬಿಟಿ ಇರೋದು ಕಾಯಿಕೊರಕಕ್ಕ. ರಸ ಹೀರೋ ಹುಳಕ್ಕ ಅದು ಏನೂ ಮಾಡೂದಿಲ್ಲ.

ಹಳೇದೆಲ್ಲ ಚಲೋ ಅಂತ ನಾನು ಹೇಳೂದಿಲ್ಲ. ಅಪ್ಪ ಬಿತ್ತತಿದ್ದ ಜಯಧರ ಜವಾರಿ ಹತ್ತಿ ಜಿಗಿಹುಳ ತಾಳ್ಕೋತಿತ್ತು, ಆದ್ರ ಎಳಿ ಗಿಡ್ಡ, ಇಳುವರಿ ಕಮ್ಮಿ. ನಮ್ಮ ಧಾರವಾಡದಾಗ ತಯಾರಾದ ವರಲಕ್ಷ್ಮಿ 1972ರಾಗ, ಡಿಸಿಎಚ್-32 1981ರಾಗ ಬಂದವು. ಉದ್ದ ಎಳಿ ಕೊಟ್ಟವು, ರೊಕ್ಕಾ ಕೊಟ್ಟವು. ಜೋಡಿಗೆ ಪಂಪೂ ಹೆಗಲೇರಿತು. ಕೂದಲಿನ ಎಲಿಯೂ ಪೂರ್ತಿ ಗೆಲ್ಲೂದಿಲ್ಲ. ಬಿಳಿನೊಣಕ್ಕ ಅಂಥಾ ಎಲಿನ ಇಷ್ಟ. ಅದಕ್ಕ ಊರೆಲ್ಲಾ ಒಂದ ಪಾಕೀಟ ಬಿತ್ತಬ್ಯಾಡ್ರಿ. ಒಂದ ನಮೂನಿ ಎಲಿ ಅಂದ್ರ ಅದನ್ನ ಇಷ್ಟಪಡೋ ಹುಳಕ್ಕ ಊರೆಲ್ಲಾ ಊಟ ಹಾಕಿದಂಗ.

ಪಾಕೀಟಿನ ಮ್ಯಾಲೆ ದಪ್ಪ ಕಾಯಿ ಚಿತ್ರ ಹಾಕ್ತಾರ. ಎಲಿ ನುಣುಪೋ, ಕೂದಲಿಂದೋ ಅಂತ ದೊಡ್ಡ ಅಕ್ಷರದಾಗ ಯಾಕ ಬರೆಯಂಗಿಲ್ಲ? ರೊಕ್ಕ ಕೊಡೋರು ನಾವು, ಕೇಳೋ ಹಕ್ಕು ನಮ್ಮದು. ಮುಂದಿನ ಸಲ ಅಂಗಡಿಯಾಗ ಇದನ್ನ ಮೊದಲ ಕೇಳ್ರಿ.

ಈ ವಾರ ನಿಮ್ಮ ಹೊಲದ ಎಲಿ ತಿರುವಿ ನೋಡಿ, ಬೀಜದ ಹೆಸರು, ಎಷ್ಟು ಸಲ ಹೊಡೆದ್ರಿ ಅನ್ನೋದನ್ನ ಕೆಳಗ ಬರೀರಿ. ಪಟ್ಟಿ ನಾವ ಮಾಡೋಣು.