ತಿಳಿದದ್ದು ನಿಯಮವಾಗಲಿ

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಕನ್ನಡ ನಾಡಿಗೆ ಚಿರಪರಿಚಿತ. ಪ್ರತಿಯೊಂದು ಓಲೆಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದ ಕಾಲದಲ್ಲಿ ಅದು ಮಹತ್ತಾದ ಶಾಸ್ತ್ರದಾನ. ಇಂದು ಒಂದು ಪಾಠವನ್ನು ಲಕ್ಷ ವಿದ್ಯಾರ್ಥಿಗಳಿಗೆ ಕ್ಷಣಾರ್ಧದಲ್ಲಿ ತಲುಪಿಸಬಹುದು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಶಾಸ್ತ್ರದಾನವೂ ಒಂದಾಗುವ ಎಡೆಯೆಂದರೆ ಆರೋಗ್ಯಶಿಕ್ಷಣ. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂತಹ ವೈದ್ಯಗ್ರಂಥಗಳನ್ನು ಕೊಟ್ಟ ಜೈನ ಪರಂಪರೆಗೆ ಈ ದಾನ ಹೊಸತಲ್ಲ.

ಈಗ ಈ ದಾನದ ಹೊಸ ದಾರಿ ಅಂತರ್ಜಾಲ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಿಂದ ಹಿಡಿದು ಕಾಲೇಜುಗಳೇ ನಡೆಸುವ ಆನ್‌ಲೈನ್ ತರಗತಿಗಳವರೆಗೆ, ಪೋಷಣೆ, ನಿದ್ರೆ, ವ್ಯಾಯಾಮ, ಮನಸ್ಸಿನ ಸ್ವಾಸ್ಥ್ಯ ಕುರಿತ ಪಾಠಗಳು ಬೆರಳ ತುದಿಯಲ್ಲಿವೆ. ಆದರೂ ಅನೇಕ ಕಡೆ ನಡೆಯುತ್ತಿರುವುದೇನು? ನೋಂದಣಿಯಾಗುತ್ತದೆ, ವಿಡಿಯೊ ತಾನಾಗಿ ಓಡುತ್ತಿರುತ್ತದೆ, ವಿದ್ಯಾರ್ಥಿಯ ಚಿತ್ತ ಬೇರೆಲ್ಲೋ ಇರುತ್ತದೆ. ಕೊನೆಗೆ ಹತ್ತು ಪ್ರಶ್ನೆ, ಒಂದು ಪ್ರಮಾಣಪತ್ರ. ವಯಸ್ಕರಿಗೆ ಕನಿಷ್ಠ ಏಳು ಗಂಟೆಗಳ ನಿದ್ರೆ ಬೇಕೆಂಬ ಸರಿಯುತ್ತರವನ್ನು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿದ್ದು ಗುರುತಿಸಿದವನಿಗೂ ಪೂರ್ಣಾಂಕ ದೊರೆಯುತ್ತದೆ!

ಇದಕ್ಕೆ ಯುವಜನರ ಅಲಕ್ಷ್ಯವೇ ಕಾರಣವೆನ್ನುವುದು ಸುಲಭ. ಆದರೆ ಅದು ಅರ್ಧಸತ್ಯ. ಸಮ್ಯಗ್ದರ್ಶನ, ಸಮ್ಯಗ್‌ಜ್ಞಾನ, ಸಮ್ಯಕ್‌ಚಾರಿತ್ರಗಳು ಒಟ್ಟುಗೂಡಿದರಷ್ಟೇ ಮೋಕ್ಷಮಾರ್ಗ. ಒಂದನ್ನು ಬಿಟ್ಟು ಇನ್ನೊಂದು ಸಿದ್ಧಿಸದು. ದೇಹದ ಸ್ವಾಸ್ಥ್ಯಕ್ಕೂ ಈ ಮಾತು ಸಲ್ಲುತ್ತದೆ. ನಮ್ಮ ಆನ್‌ಲೈನ್ ಪಾಠಗಳು ಜ್ಞಾನವನ್ನು ಹೇರಳವಾಗಿ ಕೊಡುತ್ತವೆ. ಅದರಲ್ಲಿ ಶ್ರದ್ಧೆ ಮೂಡಿಸುವ, ಅದನ್ನು ಆಚರಣೆಗೆ ಇಳಿಸುವ ಏರ್ಪಾಡು ಮಾತ್ರ ಅವುಗಳಲ್ಲಿ ವಿರಳ.

ಆ ಏರ್ಪಾಡು ಹೇಗಿರಬೇಕೆಂಬುದನ್ನು ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಿಂದ ಕಲಿಯಬಹುದು. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತವನ್ನು ವಿವರಿಸುವಾಗ ಅವರು ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಜೀವನಪರ್ಯಂತ ಹಿಡಿದದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ. ಆ ಕಾಲಮಿತಿ ಒಂದು ಹಗಲಿರಬಹುದು, ಒಂದು ಇರುಳಿರಬಹುದು, ಪಕ್ಷ, ಮಾಸ, ಋತು ಅಥವಾ ಅಯನವೂ ಇರಬಹುದು. ಊಟ, ವಾಹನ, ಹಾಸಿಗೆಯಂತಹ ನಿತ್ಯದ ವಸ್ತುಗಳೇ ಅಲ್ಲಿನ ವಿಷಯ. ಮನುಷ್ಯನ ದುರ್ಬಲತೆಯನ್ನು ಬಲ್ಲ ಗುರುಗಳು ಮೊದಲ ಮೆಟ್ಟಿಲನ್ನು ಎಷ್ಟು ತಗ್ಗಿನಲ್ಲಿ ಇಟ್ಟಿದ್ದಾರೆ!

ಆರೋಗ್ಯದ ಪ್ರತಿ ಪಾಠವೂ ಇಂಥದೊಂದು ನಿಯಮದಲ್ಲಿ ಮುಗಿಯಲಿ. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಕೇಳಿದ ವಿದ್ಯಾರ್ಥಿನಿ ‘ಈ ಪಕ್ಷದಲ್ಲಿ ವಾರಕ್ಕೆ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡೆಯುತ್ತೇನೆ’ ಎಂದು ತಾನೇ ಆರಿಸಿಕೊಳ್ಳಲಿ. ನಿದ್ರೆಯ ಪಾಠ ಕೇಳಿದವನು ಏಳು ಇರುಳು ಮೊಬೈಲನ್ನು ಹಾಸಿಗೆಯಿಂದ ದೂರ ಇಡಲಿ. ಹಾಸ್ಟೆಲಿನಲ್ಲಿ ಇರುವವಳಿಗೂ, ದಿನವೂ ಬಸ್ಸಿನಲ್ಲಿ ಎರಡು ತಾಸು ಪಯಣಿಸುವವನಿಗೂ ಒಂದೇ ನಿಯಮ ಹೊಂದದು. ಪ್ರತಿಯೊಬ್ಬರ ನೆಲೆಯಿಂದ ನೋಡುವ ಅನೇಕಾಂತದೃಷ್ಟಿ ಪಾಠ ರೂಪಿಸುವವರಿಗೆ ಬೇಕು.

ನಿಯಮ ತಪ್ಪಿದರೆ? ವ್ರತಗಳಿಗೆ ಬರಬಹುದಾದ ಅತಿಚಾರಗಳನ್ನು ‘ತತ್ತ್ವಾರ್ಥಸೂತ್ರ’ ಐದೈದಾಗಿ ಎಣಿಸಿ ಹೇಳುತ್ತದೆ. ದೋಷ ಬಂದೀತೆಂದು ಮೊದಲೇ ಬಲ್ಲ ಶಾಸ್ತ್ರವು ಆಲೋಚನೆ, ಪ್ರತಿಕ್ರಮಣಗಳ ದಾರಿಯನ್ನೂ ತೋರಿಸುತ್ತದೆ: ಆದ ತಪ್ಪನ್ನು ಗುರುಗಳ ಮುಂದೆ ನಿವೇದಿಸು, ಹಿಂದಿರುಗಿ ಬಾ. ಇಂದಿನ ಆ್ಯಪ್‌ಗಳಾದರೋ ಬಿಡದೆ ನಡೆದ ದಿನಗಳನ್ನು ಎಣಿಸುತ್ತವೆ. ಒಂದು ದಿನ ತಪ್ಪಿದರೆ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಅದರೊಡನೆ ಉತ್ಸಾಹವೂ. ವಾರಕ್ಕೊಮ್ಮೆ ಹತ್ತು ಹದಿನೈದು ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರೊಡನೆ ಪರದೆಯ ಮೇಲಾದರೂ ಸೇರಿ, ಅಂಕಗಳ ಭಯವಿಲ್ಲದೆ ‘ನಡೆದದ್ದು ಇಷ್ಟು, ತಪ್ಪಿದ್ದು ಇಷ್ಟು’ ಎಂದು ಹೇಳಿಕೊಳ್ಳುವ ಅವಕಾಶವಿದ್ದರೆ, ಮರಳಿ ತೊಡಗುವುದು ಸುಲಭವಾಗುತ್ತದೆ.

ಆಚರಣೆಯ ಹೊಣೆ ವಿದ್ಯಾರ್ಥಿಯ ಮೇಲಷ್ಟೇ ಇಲ್ಲ. ಹಗಲಿನಲ್ಲಿ ನಿದ್ರೆಯ ಮಹತ್ವ ಬೋಧಿಸಿ, ಅಸೈನ್‌ಮೆಂಟ್ ಸಲ್ಲಿಸಲು ನಡುರಾತ್ರಿಯ ಗಡುವು ಕೊಡುವ ಕಾಲೇಜು ತನ್ನ ಪಾಠವನ್ನು ತಾನೇ ಅಳಿಸುತ್ತದೆ. ಗಡುವನ್ನು ಸಂಜೆಗೆ ತಂದರೆ ಅದೇ ಸಂಸ್ಥೆಯ ಮೊದಲ ನಿಯಮವಾದೀತು.

ಒಂದು ಎಚ್ಚರವೂ ಅಗತ್ಯ. ನಿಯಮವು ಚಿಕಿತ್ಸೆಗೆ ಬದಲಿಯಲ್ಲ. ಶಕ್ತಿಗನುಸಾರವಾಗಿ ತ್ಯಾಗ, ಶಕ್ತಿಗನುಸಾರವಾಗಿ ತಪಸ್ಸು ಎಂಬುದು ಜಿನಮಾರ್ಗದ ವಿವೇಕ. ಊಟ ಬಿಡುವುದನ್ನೇ ಆರೋಗ್ಯವೆಂದು ಭ್ರಮಿಸಿ ಸೊರಗುತ್ತಿರುವವರನ್ನು, ಖಿನ್ನತೆಯಲ್ಲಿ ಕುಗ್ಗಿದವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯ 14416 ಸಂಖ್ಯೆ ಪ್ರತಿ ಪಾಠದ ಮೊದಲ ಪುಟದಲ್ಲೇ ಇರಲಿ.

ಅತ್ತಿಮಬ್ಬೆಯ ಸಾವಿರ ಪ್ರತಿಗಳು ಸಾರ್ಥಕವಾದದ್ದು ಅವನ್ನು ಓದಿದವರ ಮನೆಗಳಲ್ಲಿ. ಆರೋಗ್ಯಪಾಠದ ಫಲವನ್ನೂ ನೋಂದಣಿಯ ಸಂಖ್ಯೆಯಿಂದ ಅಳೆಯಲಾಗದು. ಒಬ್ಬ ವಿದ್ಯಾರ್ಥಿ ಇಂದಿನ ಒಂದು ಇರುಳು ದೀಪವಾರಿಸಿ ಸಕಾಲದಲ್ಲಿ ಮಲಗಿದರೆ, ಅಲ್ಲಿ ಜ್ಞಾನವು ಚಾರಿತ್ರದತ್ತ ಒಂದು ಹೆಜ್ಜೆ ಇಟ್ಟಂತೆ.